ಪವರ್ ಸಪ್ಲೈ ಮತ್ತು ಟಪಾಲಪ್ಪನವರ ಕೈಗುಣ

ಸುಳ್ಳು ಹೇಳುವ ಅಭ್ಯಾಸ ಟಪಾಲಪ್ಪನವರಿಗೆ ಇರಲಿಲ್ಲ. ಇದ್ದಿದ್ದರೆ ಆವತ್ತು ಇನ್ನೂ ಸ್ವಲ್ಪ ಚಿಕ್ಕ ಸುಳ್ಳು ಹೇಳುತ್ತಿದ್ದರು, ಇಷ್ಟೆಲ್ಲ ಆಗುತ್ತಿರಲಿಲ್ಲ.

ಅವರು ಇಪ್ಪತ್ತಾರು ವರ್ಷದಿಂದ ಕಚೇರಿಯ ಟಪಾಲು ವಿಭಾಗದಲ್ಲಿದ್ದರು. ಬಂದ ಕಾಗದಕ್ಕೆ ನಂಬರು, ಹೋಗುವ ಕಾಗದಕ್ಕೆ ನಂಬರು, ಎದುರಿಗೆ ಯಾರು ಯಾವ ರಿಜಿಸ್ಟರು ಇಟ್ಟರೂ ತೋರಿಸಿದ ಜಾಗದಲ್ಲಿ ಸಹಿ. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಮಾತ್ರ ಬಳಕೆಗೆ ಬರುತ್ತಿತ್ತು. ಉಳಿದ ದಿನಗಳಲ್ಲಿ ಕಚೇರಿಗೂ ಬೀದಿಗೂ ಅವರು ಟಪಾಲಪ್ಪ.

ವಿಭಾಗದ ಮುಖ್ಯಸ್ಥರು ನಿವೃತ್ತರಾಗುವುದರಲ್ಲಿದ್ದರು. ಕಿಟಕಿ ಪಕ್ಕದ ಅವರ ತಿರುಗುವ ಕುರ್ಚಿ ಟಪಾಲಪ್ಪನವರಿಗೇ ಬರಬೇಕಾದದ್ದು, ಅದರಲ್ಲಿ ಎರಡು ಮಾತಿರಲಿಲ್ಲ. ಅಷ್ಟರಲ್ಲಿ ಒಂದು ಸುತ್ತೋಲೆ ಬಂತು. ಇನ್ನು ಮುಂದೆ ಬಡ್ತಿ ಬೇಕಾದವರು ಕಂಪ್ಯೂಟರ್ ಪರೀಕ್ಷೆ ಪಾಸು ಮಾಡಬೇಕು, ಪರೀಕ್ಷೆಗೆ ಎರಡು ತಿಂಗಳಿದೆ. ಸುತ್ತೋಲೆಗೆ ನಂಬರು ಹಾಕಿ ಒಳಗೆ ಕಳಿಸಿದವರು ಟಪಾಲಪ್ಪನವರೇ. ನಂಬರು ಹಾಕುವವರು ಒಳಗಿರುವುದನ್ನು ಓದುವುದಿಲ್ಲ.

ಸೂಪರಿಂಟೆಂಡೆಂಟರು ಎಲ್ಲರನ್ನೂ ನಿಲ್ಲಿಸಿ ಅದನ್ನು ಓದಿದರು. ಐವತ್ತು ದಾಟಿದವರ ಮುಖವೆಲ್ಲ ಒಂದೇ ಬಣ್ಣವಾಯಿತು. ಟಪಾಲಪ್ಪನವರಿಗೆ ಆ ಕ್ಷಣಕ್ಕೆ ಎಲ್ಲಿಂದ ಧೈರ್ಯ ಬಂತೋ ಏನೋ, "ನಂಗೇನು ತೊಂದರೆ ಇಲ್ಲ ಸಾರ್. ಮನೇಲಿ ಕಂಪ್ಯೂಟರ್ ಇದೆಯಲ್ಲ. ದಿನಾ ಕೂತು ಕೂತು ಬೆರಳು ಸವೆದುಹೋಗಿದೆ" ಅಂದುಬಿಟ್ಟರು.

ಸೂಪರಿಂಟೆಂಡೆಂಟರು ಪೆನ್ನು ಕೆಳಗಿಟ್ಟು ಅವರನ್ನೇ ನೋಡಿದರು. "ಹೌದೇನ್ರಿ? ಗೊತ್ತೇ ಇರ್ಲಿಲ್ಲ. ಹಾಗಾದ್ರೆ ನಿಮ್ಮ ಹೆಸರೇ ಮೊದಲು ಕಳಿಸ್ತೀನಿ."

ಸಂಜೆ ಮನೆಗೆ ಬಂದು ಹೆಂಡತಿಯ ಮುಂದೆ ವಿಷಯ ಇಟ್ಟರು.

"ಯಾವ ಕಂಪ್ಯೂಟರ್ ರೀ?" ಎಂದಳು ಅವಳು.

"ಅದನ್ನೇ ನಿನ್ನ ಹತ್ರ ಕೇಳೋಣ ಅಂತ ಬಂದೆ."

ಹೆಂಡತಿಯ ತಮ್ಮನಿಗೆ ಕಂಪ್ಯೂಟರ್ ಜೋಡಿಸುವ ಹವ್ಯಾಸವಿತ್ತು. ಅಕ್ಕ ಫೋನ್ ಮಾಡಿದ್ದೇ ತಡ, ಬಿಡಿ ಭಾಗಗಳನ್ನೆಲ್ಲ ತಂದು ಒಂದೇ ಭಾನುವಾರದಲ್ಲಿ ಜೋಡಿಸಿಕೊಟ್ಟ. ಮಗ ಅಷ್ಟು ಮಾಡಿದ ಮೇಲೆ ಅಪ್ಪ ಸುಮ್ಮನಿರುವುದುಂಟೇ. ಮಾವನವರು ಮೂವತ್ತು ವರ್ಷ ಮಕ್ಕಳಿಗೆ ಮರಗೆಲಸ ಕಲಿಸಿದ ಮೇಷ್ಟ್ರು. ಮರದ ವಿಷಯದಲ್ಲಿ ಅವರ ಮಾತಿಗೆ ಎದುರಾಡಿದವರು ಆ ಮನೆತನದಲ್ಲಿ ಯಾರೂ ಇರಲಿಲ್ಲ. ಅಳಿಯನ ಕಂಪ್ಯೂಟರಿಗೆ ಧೂಳು ಹಿಡಿಯಬಾರದು ಅಂತ ಅವರು ಗಟ್ಟಿ ಮರದಲ್ಲಿ ಒಂದು ಪೆಟ್ಟಿಗೆ ಮಾಡಿ ತಂದರು. ಮುಂದೆ ಬಾಗಿಲು, ಬಾಗಿಲಿಗೆ ಹಿತ್ತಾಳೆ ಹಿಡಿ, ಹಿಂದೆ ಹೊರಗಿನ ಪರದೆ, ಕೀಲಿಮಣೆಗಳಿಗೆ ವೈರು ಹೋಗಲು ವೈರಿನಷ್ಟೇ ದಪ್ಪದ ತೂತು.

"ಒಳಗೆ ಇಟ್ಟು ನೋಡಿ ಅಳಿಯಂದಿರೇ. ಎಡಗಡೆ ಬಲಗಡೆ ಒಂದು ಕೂದಲು ತೂರೋಲ್ಲ. ಬಾಗಿಲು ಹಾಕಿದ್ರೆ ಇರುವೆನೂ ಹೋಗೋಲ್ಲ, ಗಾಳಿನೂ ಹೋಗೋಲ್ಲ" ಎಂದು ಮಾವ ಹೆಮ್ಮೆಯಿಂದ ಪೆಟ್ಟಿಗೆಯ ಬೆನ್ನು ತಟ್ಟಿದರು. ಎಲ್ಲರೂ ತಲೆದೂಗಿದರು. ಹೆಂಡತಿ ಕಣ್ಣೊರೆಸಿಕೊಂಡಳು.

ಒಂಬತ್ತನೆಯ ದಿನ ಟಪಾಲಪ್ಪನವರು ಎರಡು ಬೆರಳಲ್ಲಿ "ಮಾನ್ಯರೇ" ಎಂದು ಹೊಡೆದು, ಮುಂದೇನು ಅಂತ ಯೋಚಿಸುತ್ತಿದ್ದಾಗ ಪೆಟ್ಟಿಗೆಯೊಳಗೆ ಟಪ್ ಅಂತ ಸದ್ದಾಯಿತು. ಪರದೆ ಕಪ್ಪಾಯಿತು. ಸುಟ್ಟ ರಬ್ಬರಿನ ವಾಸನೆ ಅಡುಗೆಮನೆವರೆಗೂ ಹೋಯಿತು.

ಬಾಮೈದ ಓಡಿ ಬಂದು ಯಂತ್ರವನ್ನು ಹೊರಗೆಳೆದು ಬಿಚ್ಚಿದ. "ಪವರ್ ಸಪ್ಲೈ ಹೋಗಿದೆ ಭಾವ. ಗೋಡೆಯಿಂದ ಬರೋ ಕರೆಂಟನ್ನ ಒಳಗಿನ ಭಾಗಗಳು ತಡ್ಕೊಳ್ಳೋ ಹಾಗೆ ಇಳಿಸಿ ಕೊಡೋ ಡಬ್ಬ ಇದು. ನೀವೇನು ಒತ್ತಿದ್ರಿ?"

"ಮಾನ್ಯರೇ ಅಂತ ಒತ್ತಿದೆ."

"ಆಮೇಲೆ?"

"ಆಮೇಲೆ ಏನೂ ಒತ್ತಲಿಲ್ಲ ಮಾರಾಯ. ಅದೇ ತಾನಾಗಿ ಹೋಯ್ತು."

ಬಾಮೈದ ನಂಬಿದ ಹಾಗೆ ಕಾಣಲಿಲ್ಲ. ಗ್ಯಾರಂಟಿ ಇದ್ದುದರಿಂದ ಅಂಗಡಿಯಿಂದ ಹೊಸದು ತಂದು ಹಾಕಿದ. ಮೇಜಿನ ಮೇಲೆ ಎರಡು ಗಂಟೆ ಓಡಿಸಿ ನೋಡಿದ, ಯಂತ್ರ ಹೂವಿನ ಹಾಗೆ ಓಡಿತು. ಒರೆಸಿ ಪೆಟ್ಟಿಗೆಯೊಳಗೆ ತಳ್ಳಿ, ಬಾಗಿಲು ಹಾಕಿ, ಭಾವನ ಕೈಗೊಪ್ಪಿಸಿ ಹೋದ. ಎಂಟನೆಯ ದಿನಕ್ಕೆ ಮತ್ತೆ ಟಪ್.

ಮೂರನೆಯದು ಆರು ದಿನ ಬಾಳಿತು. ಅದು ಹೋದ ಸಂಜೆ ಮಾವನವರೂ ಬಂದು ಕೂತಿದ್ದರು. ಎಲ್ಲರೂ ಹಾಲಿನಲ್ಲಿ ಸುತ್ತುವರಿದು ವಿಚಾರಣೆ ನಡೆಸಿದರು.

"ನಾನು ಜೋಡಿಸಿದ್ದರಲ್ಲಿ ತಪ್ಪಿದ್ರೆ ನಾನು ಓಡಿಸುವಾಗ್ಲೂ ಕೆಡಬೇಕಿತ್ತು. ಕೆಡೋದಿಲ್ಲ, ನೀವೆಲ್ಲ ನೋಡಿದೀರಿ" ಎಂದ ಬಾಮೈದ.

"ಪೆಟ್ಟಿಗೆ ಬಗ್ಗೆ ಮಾತಾಡೋ ಹಾಗೇ ಇಲ್ಲ" ಎಂದರು ಮಾವ. ಯಾರೂ ಮಾತಾಡಲಿಲ್ಲ.

"ಮನೆ ಕರೆಂಟು ಸರಿಯಿದೆ. ನನ್ನ ಮಿಕ್ಸಿ ಹನ್ನೆರಡು ವರ್ಷದಿಂದ ಓಡ್ತಿದೆ" ಎಂದಳು ಹೆಂಡತಿ.

ಕಂಪ್ಯೂಟರನ್ನು ಕಳೆದರು, ಪೆಟ್ಟಿಗೆಯನ್ನು ಕಳೆದರು, ಕರೆಂಟನ್ನು ಕಳೆದರು. ಶೇಷ ಉಳಿದದ್ದು ಟಪಾಲಪ್ಪನವರು. ಎಲ್ಲರೂ ಒಟ್ಟಿಗೆ ಅವರ ಕೈಗಳನ್ನು ನೋಡಿದರು. ಅವರು ಆ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡರು.

"ಕೈಗುಣ" ಎಂದರು ಮಾವ, ತೀರ್ಪು ಓದಿದ ಹಾಗೆ. "ಕೆಲವರ ಕೈಗುಣಕ್ಕೆ ಉಳಿಯ ಬಾಯಿ ಮುರಿಯುತ್ತೆ. ಶಾಲೇಲಿ ಅಂಥ ಮಕ್ಕಳನ್ನ ಮರಳುಕಾಗದದಲ್ಲಿ ಉಜ್ಜೋ ಕೆಲಸಕ್ಕೆ ಹಾಕ್ತಿದ್ದೆ. ಅವರ ತಪ್ಪಲ್ಲ ಅದು, ಪಾಪ."

ನಾಲ್ಕನೆಯದನ್ನು ಕೇಳಲು ಬಾಮೈದ ಭಾವನನ್ನೂ ಅಂಗಡಿಗೆ ಕರೆದುಕೊಂಡು ಹೋದ. ಅಂಗಡಿಯವನು ಗ್ಯಾರಂಟಿ ಚೀಟಿ ನೋಡಿ, ಸುಟ್ಟ ಡಬ್ಬ ಮೂಸಿ, "ಇಷ್ಟು ವರ್ಷದಲ್ಲಿ ಹೀಗೆ ಆಗಿಲ್ಲ. ಓಡಿಸೋರು ಯಾರು?" ಅಂದ.

"ಇವರೇ, ನಮ್ಮ ಭಾವ."

ಅಂಗಡಿಯವನು ಟಪಾಲಪ್ಪನವರನ್ನು ಮೇಲಿಂದ ಕೆಳಗೆ ನೋಡಿದ. "ಸಾರ್, ಬೇಜಾರು ಮಾಡ್ಕೋಬೇಡಿ. ನೀವು ಆ ಬಾಗಿಲ ಹತ್ರ ನಿಂತ್ಕೊಳ್ಳಿ. ಇಲ್ಲಿ ಮಾರೋ ಸಾಮಾನಿದೆ."

ಟಪಾಲಪ್ಪನವರು ಬಾಗಿಲಿಗೆ ಹೋಗಿ, ಎರಡೂ ಕೈ ಹಿಂದೆ ಕಟ್ಟಿ ನಿಂತರು. ಅಂಗಡಿಗೆ ಬಂದವರು ಕಾವಲುಗಾರನೆಂದು ತಿಳಿದು ಚೀಲ ಇಡುವುದು ಎಲ್ಲಿ ಅಂತ ಕೇಳಿದರು.

ಸುದ್ದಿ ಹರಡಲು ಎರಡು ದಿನ ಸಾಕಾಯಿತು. ಮಹಡಿ ಮನೆಯ ಸಂಗೀತದ ಟೀಚರು ಮೆಟ್ಟಿಲ ಮೇಲೆ ಅವರನ್ನು ತಡೆದು, "ಒಂದು ಮಾತು. ಇನ್ಮೇಲೆ ನಮ್ಮನೆ ಬೆಲ್ ಒತ್ತಬೇಡಿ. ಕೆಳಗಿಂದಾನೇ ಕೂಗಿ, ನಾನು ಬರ್ತೀನಿ" ಎಂದರು.

"ನಾನು ಯಾವತ್ತು ಒತ್ತಿದೀನಿ?"

"ಹೋದ ತಿಂಗಳು ಕಾಗದ ಕೊಡೋಕೆ ಬಂದಿದ್ರಿ. ಆಮೇಲೆ ಮೂರು ವಾರಕ್ಕೆ ಫ್ರಿಜ್ಜು ಹೋಯ್ತು. ನಾನೇನೂ ಹೇಳ್ತಿಲ್ಲ. ದಿನ ಲೆಕ್ಕ ಹಾಕಿದೆ, ಅಷ್ಟೇ."

ಕಚೇರಿಗೆ ಸುದ್ದಿ ಹೇಗೆ ಹೋಯಿತೋ ಯಾರೂ ಒಪ್ಪಿಕೊಳ್ಳಲಿಲ್ಲ. ಜೆರಾಕ್ಸ್ ಯಂತ್ರದಲ್ಲಿ ಕಾಗದ ಸಿಕ್ಕಿಕೊಂಡ ಒಂದು ಬೆಳಿಗ್ಗೆ, ಟಪಾಲಪ್ಪನವರು ಆ ಕಡೆಯಿಂದ ನಡೆದು ಹೋದದ್ದನ್ನು ಮೂವರು ನೋಡಿದ್ದರು. ಮಧ್ಯಾಹ್ನಕ್ಕೆ ಸೂಪರಿಂಟೆಂಡೆಂಟರ ಸುತ್ತೋಲೆ ಹೊರಟಿತು: ಟಪಾಲು ವಿಭಾಗದ ಸದರಿ ನೌಕರರು ಮುಂದಿನ ಆದೇಶದವರೆಗೆ ಕಚೇರಿಯ ಯಾವುದೇ ಯಂತ್ರದಿಂದ ಮೂರು ಅಡಿ ದೂರವಿರತಕ್ಕದ್ದು. ಸುತ್ತೋಲೆ ರವಾನೆಯಾಗಬೇಕಾದರೆ ನಂಬರು ಬೀಳಬೇಕು. ಟಪಾಲಪ್ಪನವರೇ ಅದಕ್ಕೆ ನಂಬರು ಹಾಕಿದರು, ಎಂಟು ವಿಭಾಗಕ್ಕೆ ಎಂಟು ಪ್ರತಿ ಹಂಚಿದರು. ಒಂಬತ್ತನೆಯದನ್ನು ತಮಗೇ ಕೊಟ್ಟುಕೊಂಡು, ತಲುಪಿತು ಅಂತ ಸಹಿ ಮಾಡಿದರು. ಈ ಸಲ ಓದಿದರು.

"ಸಾರ್, ಇದು ಅನ್ಯಾಯ" ಎಂದು ಒಳಗೆ ಹೋದರು.

"ದೂರ, ದೂರ" ಎಂದರು ಸೂಪರಿಂಟೆಂಡೆಂಟರು, ಮೇಜಿನ ಮೇಲಿನ ಫೋನನ್ನು ಎದೆಗವಚಿಕೊಂಡು. "ಅಲ್ಲಿಂದಲೇ ಹೇಳಿ, ಕೇಳಿಸುತ್ತೆ."

ಆ ಇಡೀ ಕಟ್ಟಡದಲ್ಲಿ ಅವರನ್ನು ಹತ್ತಿರ ಕರೆದವರು ಉಗ್ರಾಣದ ಮೇಲ್ವಿಚಾರಕರೊಬ್ಬರೇ. ಅವರು ಟಪಾಲಪ್ಪನವರನ್ನು ಉಗ್ರಾಣದೊಳಗೆ ಕರೆದುಕೊಂಡು ಹೋಗಿ, ಬಾಗಿಲು ಮುಂದೆ ಮಾಡಿ, ಮೂಲೆಯಲ್ಲಿದ್ದ ಹಳೆಯ ಪ್ರಿಂಟರನ್ನು ತೋರಿಸಿದರು.

"ಇದು ಒಂದು ವರ್ಷದಿಂದ ಸರಿಯಾಗಿ ಸಾಯ್ತಾನೂ ಇಲ್ಲ, ಬದುಕ್ತಾನೂ ಇಲ್ಲ. ಪೂರ್ತಿ ಕೆಟ್ಟಿದೆ ಅಂತ ಬರೆದ್ರೆ ಮಾತ್ರ ಹೊಸದು ಮಂಜೂರಾಗೋದು. ಒಂದು ಸಲ ಕೈಯಿಡಿ. ಇಬ್ಬರಿಗೇ ಗೊತ್ತಿರಲಿ."

ಟಪಾಲಪ್ಪನವರಿಗೆ ಕೋಪ ನೆತ್ತಿಗೇರಿತು. ಎರಡು ವಾರ ನುಂಗಿಕೊಂಡದ್ದೆಲ್ಲ ಅಂಗೈಗೆ ಇಳಿದು ಬಂತು. ಪ್ರಿಂಟರಿನ ತಲೆಯ ಮೇಲೆ ಫಟಾರ್ ಅಂತ ಒಂದು ಕೊಟ್ಟರು. ಪ್ರಿಂಟರು ನಡುಗಿತು, ಗೊರಗೊರ ಅಂದಿತು, ಒಂದು ವರ್ಷದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಹನ್ನೊಂದು ಪುಟಗಳನ್ನು ಒಂದಾದ ಮೇಲೊಂದು ಅಚ್ಚುಕಟ್ಟಾಗಿ ಹೊರಗೆ ಹಾಕಿತು.

ಮೇಲ್ವಿಚಾರಕರು ಆ ಪುಟಗಳನ್ನು ಹಿಡಿದು ಕುಸಿದು ಕೂತರು. "ಏನು ಮಾಡಿಬಿಟ್ರಿ. ಇನ್ನು ಐದು ವರ್ಷ ನಂಗೆ ಹೊಸದು ಕೊಡಲ್ಲ."

ಇದರಿಂದ ಟಪಾಲಪ್ಪನವರ ಕೈ ಶುದ್ಧವಾಯಿತು ಎಂದು ನೀವು ತಿಳಿದರೆ ನಿಮಗೆ ಕಚೇರಿ ಗೊತ್ತಿಲ್ಲ. ಅವರ ಕೈ ಸರಿಯಿದ್ದುದನ್ನು ಕೆಡಿಸುತ್ತದೆ, ಕೆಡಬೇಕಾದುದನ್ನು ಸರಿಮಾಡುತ್ತದೆ, ಒಟ್ಟಿನಲ್ಲಿ ಯಾರಿಗೂ ಉಪಯೋಗವಿಲ್ಲ ಎಂದು ತೀರ್ಮಾನವಾಯಿತು.

ನಾಲ್ಕನೆಯ ಪವರ್ ಸಪ್ಲೈ ಐದು ದಿನ, ಐದನೆಯದು ನಾಲ್ಕು ದಿನ ಬಾಳಿದವು. ಐದನೆಯದು ಹೋದಾಗ ಟಪಾಲಪ್ಪನವರು ಬಚ್ಚಲಲ್ಲಿದ್ದರು.

"ನಾನು ಮುಟ್ಟೇ ಇರಲಿಲ್ಲ" ಎಂದು ಒದ್ದೆ ತಲೆಯಲ್ಲೇ ಓಡಿ ಬಂದರು.

"ಯೋಚನೆ ಮಾಡ್ತಿದ್ರಲ್ಲ" ಎಂದ ಬಾಮೈದ. ಆಮೇಲೆ ಅವನು ಅಕ್ಕನನ್ನು ಪಕ್ಕಕ್ಕೆ ಕರೆದು, ಅಂಗಡಿಯವನು ಇನ್ನು ಗ್ಯಾರಂಟಿ ಇಲ್ಲ ಅಂದಿದ್ದಾನೆ, ತನಗೆ ಆ ಬೀದಿಯಲ್ಲಿ ತಲೆಯೆತ್ತಿ ಓಡಾಡಲು ಆಗುತ್ತಿಲ್ಲ ಎಂದ. ಅವನು ಆ ಮನೆಯ ಕಂಪ್ಯೂಟರಿನಿಂದ ಕೈತೊಳೆದುಕೊಂಡ.

ಪರೀಕ್ಷೆಗೆ ಮೂರು ವಾರ ಉಳಿದಿತ್ತು. ಹೆಂಡತಿಗೆ ಗಂಡನ ಮುಖ ನೋಡಲಾಗಲಿಲ್ಲ. ಬೂಟಿನ ಡಬ್ಬದ ರಟ್ಟು ಕತ್ತರಿಸಿ, ಕೀಲಿಮಣೆ ನೋಡಿಕೊಂಡು ಅದರ ಮೇಲೆ ಒಂದೊಂದೇ ಮನೆ ಗೀಚಿ ಅಕ್ಷರ ಬರೆದುಕೊಟ್ಟಳು. ಟಪಾಲಪ್ಪನವರು ಬೆಳಿಗ್ಗೆ ಒಂದು ಗಂಟೆ, ಸಂಜೆ ಎರಡು ಗಂಟೆ ಆ ರಟ್ಟಿನ ಮೇಲೆ ಬೆರಳಾಡಿಸಿದರು. ಅವಳು ಪಕ್ಕದಲ್ಲಿ ಕೂತು ಬೆರಳು ನೋಡಿ, "ಈಗ ಹೊಡೆದಿದ್ದು ತಪ್ಪು, 'ವಿಷಯ' ಆಗ್ಲಿಲ್ಲ, 'ವಿಷ' ಆಯ್ತು" ಎಂದು ತಿದ್ದುತ್ತಿದ್ದಳು. ಎರಡು ಬೆರಳು ನಾಲ್ಕಾದವು, ನಾಲ್ಕು ಎಂಟಾದವು.

ಪರೀಕ್ಷೆ ನಡೆದದ್ದು ಒಂದು ತರಬೇತಿ ಕೇಂದ್ರದಲ್ಲಿ. ಗೋಡೆಯ ಕಡೆ ಒಂದು ಸಾಲು, ನಡುವೆ ಒಂದು ಸಾಲು ಕಂಪ್ಯೂಟರುಗಳು. ಮೇಲ್ವಿಚಾರಕಿ ಬಹಳ ಶಿಸ್ತಿನ ಹೆಂಗಸು. ಒಂದು ಪತ್ರ, ಒಂದು ಕೋಷ್ಟಕ ಹೊಡೆದು, ಅಚ್ಚು ಹಾಕಿಸಿ, ಒಪ್ಪಿಸಿದ ಮೇಲೆಯೇ ಹಾಜರಿ ಸಹಿ ಎಂದು ಮೊದಲೇ ಹೇಳಿದರು. ಟಪಾಲಪ್ಪನವರಿಗೆ ಗೋಡೆ ಸಾಲಿನ ಮೊದಲ ಜಾಗ ಸಿಕ್ಕಿತು.

ಬೆರಳುಗಳು ತಾವಾಗಿಯೇ ಓಡಿದವು. ಹತ್ತು ನಿಮಿಷದಲ್ಲಿ ಅರ್ಧ ಪತ್ರವಾಗಿತ್ತು. ಹನ್ನೊಂದನೆಯ ನಿಮಿಷಕ್ಕೆ ಪರದೆ ಕಪ್ಪಾಯಿತು.

ಟಪಾಲಪ್ಪನವರು ಎರಡೂ ಕೈ ಮೇಲೆತ್ತಿ ಎದ್ದು ನಿಂತರು. "ನಾನೇನೂ ಮಾಡಿಲ್ಲ ಮೇಡಂ."

"ಯಾರು ಮಾಡಿದ್ರಿ ಅಂದ್ರು? ಪಕ್ಕದ್ದಕ್ಕೆ ಹೋಗಿ. ಮೊದಲಿಂದ ಶುರು ಮಾಡಿ."

ಪಕ್ಕದ್ದು ಏಳು ನಿಮಿಷ ನಡೆದು ನಿಂತಿತು. ಅವರದೇ ಕಚೇರಿಯಿಂದ ಬಂದಿದ್ದ ಒಬ್ಬರು ಇನ್ನು ತಡೆಯಲಾರದೆ ಎದ್ದು ಮೇಲ್ವಿಚಾರಕಿಯ ಕಿವಿಯಲ್ಲಿ ಏನೋ ಹೇಳಿದರು. ಆಕೆಯ ಹುಬ್ಬು ಮೇಲೇರಿತು. "ನೀವು ಸ್ವಲ್ಪ ಹೊತ್ತು ಆ ಮೂಲೇಲಿ ಇರ್ತೀರಾ? ಮೆಕ್ಯಾನಿಕ್‌ಗೆ ಫೋನ್ ಮಾಡಿಸ್ತೀನಿ."

ಅವರು ಮೂಲೆಯಲ್ಲಿ ನಿಂತಿದ್ದಾಗಲೇ ಗೋಡೆ ಸಾಲಿನ ಮೂರನೆಯದು ನಿಂತಿತು. ಅದರ ಮುಂದೆ ಕೂತಿದ್ದವರು ಅಳುವುದೊಂದು ಬಾಕಿ. ಟಪಾಲಪ್ಪನವರಿಗೂ ಆ ಮೂರನೆಯದಕ್ಕೂ ನಡುವೆ ಹದಿನೈದು ಅಡಿ ಇತ್ತು. ಇಪ್ಪತ್ತಾರು ವರ್ಷದಲ್ಲಿ ಬರಬೇಕಾಗಿದ್ದ ಕೋಪ ಒಟ್ಟಿಗೇ ಬಂದಂತಾಗಿ, ಅವರು ಸುತ್ತೋಲೆಯ ಮೂರು ಅಡಿಯನ್ನು ದಾಟಿ, ಸತ್ತ ಯಂತ್ರದ ಬೆನ್ನಿಗೆ ಕೈ ಹಾಕಿದರು. ಕೈ ಚುರ್ ಅಂದಿತು. ಯಂತ್ರಕ್ಕೂ ಗೋಡೆಗೂ ನಡುವೆ ಏನೋ ಮೆತ್ತಗೆ ಸಿಕ್ಕಿತು. ಎಳೆದರೆ ಪ್ಲಾಸ್ಟಿಕ್ ಹೊದಿಕೆ. ಕೋಣೆ ಅಚ್ಚುಕಟ್ಟಾಗಿ ಕಾಣಲಿ ಎಂದು ಯಾರೋ ಗೋಡೆ ಸಾಲಿನ ಹೊದಿಕೆಗಳನ್ನೆಲ್ಲ ನಾಲ್ಕು ಮಡಿಕೆ ಮಾಡಿ, ಯಂತ್ರದ ಬಿಸಿ ಗಾಳಿ ಹೊರಹಾಕುವ ಫ್ಯಾನಿನ ಬಾಯಿಗೆ ಸರಿಯಾಗಿ ತುರುಕಿಟ್ಟಿದ್ದರು.

"ಗಾಳಿ" ಎಂದರು ಟಪಾಲಪ್ಪನವರು. ಚುರುಗುಟ್ಟಿದ ಕೈ ನೋಡಿಕೊಂಡರು. ಆಮೇಲೆ, "ಅಯ್ಯೋ ಮಾವ" ಎಂದರು.

"ಯಾವ ಮಾವ?" ಎಂದರು ಮೇಲ್ವಿಚಾರಕಿ.

ಟಪಾಲಪ್ಪನವರು ಇಡೀ ಸಾಲಿನ ಹೊದಿಕೆಗಳನ್ನು ಎಳೆದು ಹಾಕಿದರು, ಯಂತ್ರಗಳನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಸರಿಸಿದರು. ಹತ್ತು ನಿಮಿಷ ಆರಲು ಬಿಟ್ಟು ಗುಂಡಿ ಒತ್ತಿದರು. ಮೂರೂ ಎದ್ದವು.

ಅದೇ ಹೊತ್ತಿಗೆ ತರಬೇತಿ ಕೇಂದ್ರದ ಪ್ರಾಂಶುಪಾಲರು ಬಾಗಿಲಲ್ಲಿ ಇಣುಕಿದರು. ಮೈತುಂಬ ಧೂಳಾಗಿ, ಯಂತ್ರದ ಹಿಂದಿನಿಂದ ಏಳುತ್ತಿದ್ದ ವ್ಯಕ್ತಿಯನ್ನು ನೋಡಿ, "ಓ, ಇಷ್ಟು ಬೇಗ ಬಂದ್ರಾ. ಬನ್ನಿ ಬನ್ನಿ, ಆ ಕಡೆ ಕೋಣೇಲೂ ನಾಲ್ಕು ನಿಂತುಹೋಗಿವೆ" ಎಂದು ಭುಜಕ್ಕೆ ಕೈಹಾಕಿ ಕರೆದುಕೊಂಡು ಹೊರಟೇಬಿಟ್ಟರು.

"ಸಾರ್, ನಾನು ಪರೀಕ್ಷೆಗೆ..."

"ಪರೀಕ್ಷೆ ನಡೀತಾ ಇರುತ್ತೆ ಬಿಡಿ. ಮೆಲ್ಲಗೆ ಮಾತಾಡಿ, ಪಾಪ ಅವರಿಗೆ ತೊಂದರೆ ಆಗುತ್ತೆ."

ಇಷ್ಟು ದಿನ ಸರಿಮಾಡಿಕೊಡಿ ಎಂದು ಯಾರೂ ತಮ್ಮ ಕೈಯನ್ನು ಯಂತ್ರದ ಕಡೆಗೆ ಕರೆದಿರಲಿಲ್ಲ. ಟಪಾಲಪ್ಪನವರ ಕಾಲು ತಾನಾಗಿ ನಡೆಯಿತು. ನಾಲ್ಕೂ ಯಂತ್ರಗಳ ಹಿಂದಿನಿಂದ ಹೊದಿಕೆ ತೆಗೆದರು. ಪ್ರಾಂಶುಪಾಲರು ಕಾಫಿ ಕೊಟ್ಟರು, ಒಂದು ರಿಜಿಸ್ಟರು ಮುಂದಿಟ್ಟು ಬೆರಳು ತೋರಿಸಿದರು. ತೋರಿಸಿದ ಜಾಗದಲ್ಲಿ ಟಪಾಲಪ್ಪನವರು ಸಹಿ ಮಾಡಿದರು. ತಿರುಗಿ ಬಂದಾಗ ಪರೀಕ್ಷೆಯ ಕೋಣೆಗೆ ಬೀಗ ಬಿದ್ದಿತ್ತು.

ಮನೆಯಲ್ಲಿ ಹೆಂಡತಿ ಎಲ್ಲವನ್ನೂ ಕೇಳಿ, ಪೆಟ್ಟಿಗೆಯ ಕಡೆ ನೋಡಿ, ದನಿ ತಗ್ಗಿಸಿ, "ಅಪ್ಪನಿಗೆ ಯಾರು ಹೇಳ್ತೀರಿ?" ಎಂದಳು.

ಟಪಾಲಪ್ಪನವರು ಹೇಳಲಿಲ್ಲ. ಬಾಮೈದನ ಕಾಲು ಹಿಡಿದು ಆರನೆಯ ಪವರ್ ಸಪ್ಲೈ ಹಾಕಿಸಿದರು, ಮಾವನನ್ನು ಊಟಕ್ಕೆ ಕರೆದರು, ಪೆಟ್ಟಿಗೆಯೊಳಗೆ ಯಂತ್ರವನ್ನು ಒಂದು ಗಂಟೆ ಓಡಿಸಿ ಬಾಗಿಲು ತೆರೆದು, "ಮಾವ, ಒಂದು ಸಲ ಕೈ ಒಳಗಿಡಿ" ಎಂದರು.

ಮಾವ ಕೈಯಿಟ್ಟರು, ತಕ್ಷಣ ತೆಗೆದರು. ಬೆರಳಿಗೆ ಗಾಳಿ ಊದಿಕೊಂಡರು. ಮಗನ ಮುಖ ನೋಡಿದರು, ಮಗಳ ಮುಖ ನೋಡಿದರು.

"ಕಂಪ್ಯೂಟರ್ ಮಾಡಿದವರು ಪೆಟ್ಟಿಗೆಗೆ ಹೊಂದೋ ಹಾಗೆ ಮಾಡಿಲ್ಲ" ಎಂದರು ಮಾವ.

ಎಲ್ಲರೂ ಹೌದು ಹೌದು ಎಂದರು. ಯಂತ್ರ ಮೇಜಿನ ಮೇಲೆ ಬಂತು. ಅಲ್ಲಿಂದ ಮುಂದೆ ಅದು ಒಂದು ದಿನವೂ ನಿಲ್ಲಲಿಲ್ಲ. ಆದರೆ ಬಾಮೈದನಾಗಲೀ ಮಾವನಾಗಲೀ ಟಪಾಲಪ್ಪನವರ ಕೈಗಳ ಬಗ್ಗೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅದು ಅವರಿಗೆ ನೆನಪೇ ಇರಲಿಲ್ಲ.

ಫಲಿತಾಂಶ ಬಂತು. ಟಪಾಲಪ್ಪನವರ ಹೆಸರಿನ ಮುಂದೆ "ಗೈರುಹಾಜರು" ಎಂದಿತ್ತು. ಅವರು ಪರೀಕ್ಷಾ ವಿಭಾಗಕ್ಕೆ ಹೋದರು. ಅಧಿಕಾರಿ ಎರಡೂ ರಿಜಿಸ್ಟರು ತರಿಸಿ ನೋಡಿದರು.

"ಹಾಜರಿ ಪುಸ್ತಕದಲ್ಲಿ ನಿಮ್ಮ ಸಹಿ ಇಲ್ಲವಲ್ಲ."

"ಈ ರಿಪೇರಿ ಪುಸ್ತಕದಲ್ಲಿದೆ ನೋಡಿ ಸಾರ್. ಇದು ನನ್ನದೇ."

"ಇದು ಮೆಕ್ಯಾನಿಕ್ ಸಹಿ."

"ಆ ಮೆಕ್ಯಾನಿಕ್ ನಾನೇ ಸಾರ್."

"ಹಾಗಾದ್ರೆ ನೀವು ಪರೀಕ್ಷೆಗೆ ಬಂದಿಲ್ಲ, ರಿಪೇರಿಗೆ ಬಂದಿದೀರಿ. ಸರಿಯಾಗೇ ಬರೆದಿದಾರೆ."

"ಇಲ್ಲ ಸಾರ್. ಪರೀಕ್ಷೆಗೆ ಅಂತಾನೇ ಬಂದೆ. ಅಲ್ಲಿ..."

ಅಧಿಕಾರಿ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಕೆಟ್ಟವರಲ್ಲ, ಅವರಿಗೂ ಊಟದ ಹೊತ್ತಾಗಿತ್ತು. "ನೋಡಿ, ಒಂದು ಕೆಲಸ ಮಾಡಿ. ಆವತ್ತು ಆ ಕೋಣೇಲಿ ನೀವು ಅಭ್ಯರ್ಥಿಯಾಗಿ ಕೂತಿದ್ದನ್ನ ಕಣ್ಣಾರೆ ಕಂಡೆ ಅಂತ ಆ ಮೆಕ್ಯಾನಿಕ್ ಹತ್ರ ಒಂದು ಪತ್ರ ಬರೆಸಿಕೊಂಡು ಬನ್ನಿ. ಹೊರಗಿನವರು, ನಿಷ್ಪಕ್ಷಪಾತಿಗಳು. ಅವರ ಮಾತು ನಡೆಯುತ್ತೆ."

ಟಪಾಲಪ್ಪನವರು ನೇರ ಮನೆಗೆ ಹೋದರು. ಮೇಜಿನ ಮುಂದೆ ಕೂತು, ಎಂಟು ಬೆರಳಲ್ಲಿ, ಮೆಕ್ಯಾನಿಕ್ ಬರೆದ ಹಾಗೆ, ಸದರಿ ಅಭ್ಯರ್ಥಿ ಪರೀಕ್ಷೆಗೆ ಕೂತದ್ದನ್ನು ಕಣ್ಣಾರೆ ಕಂಡೆನೆಂದೂ, ಆತನನ್ನು ತಾನು ಹತ್ತಿರದಿಂದ ಬಲ್ಲೆನೆಂದೂ, ಆತ ಸುಳ್ಳು ಹೇಳುವವನಲ್ಲವೆಂದೂ, ಹೇಳಿದರೂ ಒಮ್ಮೆ ಮಾತ್ರವೆಂದೂ ಒಂದು ಪುಟ ಹೊಡೆದರು. ಕೊನೆಯ ಮಾತನ್ನು ಹೆಂಡತಿ ಅಳಿಸಿದಳು. ಪತ್ರ ಅಂಗೀಕಾರವಾಯಿತು. ಮರುಪರೀಕ್ಷೆಗೆ ದಿನ ಕೊಟ್ಟರು.

ಅದರ ಬೆನ್ನಿಗೇ ತರಬೇತಿ ಕೇಂದ್ರದಿಂದ ಇನ್ನೊಂದು ಕಾಗದ ಬಂತು. ಆ ಮೆಕ್ಯಾನಿಕ್‌ರವರ ವಿಳಾಸ ಗೊತ್ತಿಲ್ಲದ ಕಾರಣ ಅವರನ್ನು ಬಲ್ಲ ತಮ್ಮ ಮೂಲಕ ತಿಳಿಸಲಾಗುತ್ತಿದೆ, ಅದೇ ದಿನ ಅದೇ ಹೊತ್ತಿಗೆ ಅವರು ಕಡ್ಡಾಯವಾಗಿ ಬರತಕ್ಕದ್ದು, ಅವರಿಲ್ಲದೆ ಯಂತ್ರಗಳನ್ನು ಚಾಲೂ ಮಾಡುವುದಿಲ್ಲ.

ಹೆಂಡತಿ ಎರಡೂ ಕಾಗದಗಳನ್ನು ಅಕ್ಕಪಕ್ಕ ಇಟ್ಟು ಓದಿದಳು. "ಯಾರು ಹೋಗ್ತೀರಿ ಈಗ?"

"ಇಬ್ಬರೂ ಹೋಗ್ತೀವಿ" ಎಂದರು ಟಪಾಲಪ್ಪನವರು.

ಹಾಗೇ ಹೋದರು. ಅರ್ಧ ಗಂಟೆ ಮೊದಲೇ ತಲುಪಿ, ಹೊದಿಕೆ ತೆಗೆದು, ಯಂತ್ರಗಳನ್ನು ಸರಿಸಿ, ಎಲ್ಲದರ ಬೆನ್ನಿಗೂ ಕೈಯಿಟ್ಟು ನೋಡಿ ರಿಪೇರಿ ಪುಸ್ತಕದಲ್ಲಿ ಸಹಿ ಮಾಡಿದರು. ಆಮೇಲೆ ಕೈ ತೊಳೆದು, ತಲೆ ಬಾಚಿ, ತಮ್ಮ ಜಾಗದಲ್ಲಿ ಕೂತರು. ಹಾಜರಿ ಸಹಿಯನ್ನು ಈ ಸಲ ಮೊದಲೇ ಹಾಕುತ್ತೇನೆ ಎಂದು ಹಟ ಹಿಡಿದರು, ಹಾಕಿದರು. ಒಂದು ಗಂಟೆ ಕಳೆದರೂ ಒಂದು ಪರದೆಯೂ ಕಪ್ಪಾಗಲಿಲ್ಲ. ಪತ್ರ ಮುಗಿದು, ಕೋಷ್ಟಕದ ಕೊನೆಯ ಸಾಲು ನಡೆಯುತ್ತಿತ್ತು.

ಪ್ರಾಂಶುಪಾಲರು ಬಾಗಿಲಿಂದ ಇಣುಕಿ, "ಮೆಕ್ಯಾನಿಕ್ ಹೋಗಿಬಿಟ್ರಾ?" ಎಂದು ಪಿಸುಗುಟ್ಟಿದರು.

"ಇಲ್ಲ ಸಾರ್, ಇಲ್ಲೇ ಇದಾರೆ" ಎಂದರು ಮೇಲ್ವಿಚಾರಕಿ, ಅಷ್ಟೇ ಮೆಲ್ಲಗೆ. "ಪರೀಕ್ಷೆ ಬರೀತಿದಾರೆ, ಈಗ ಕರೀಬೇಡಿ."

ಟಪಾಲಪ್ಪನವರು ತಲೆಯೆತ್ತಲಿಲ್ಲ. ಕೊನೆಯ ಸಾಲಿಗೆ ನಂಬರು ಹಾಕುತ್ತಿದ್ದರು.